ದೇಣಿಗೆಯ ಮೊತ್ತ ನೋಡಿದ್ದಾಯ್ತು, ಕರಾರು ನೋಡುವುದು ಯಾವಾಗ?

2022ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಐಐಎಸ್‌ಸಿಗೆ, 425 ಕೋಟಿ ರೂಪಾಯಿ ದೇಣಿಗೆ ಬಂತು. ಮೈಂಡ್‌ಟ್ರೀ ಕಂಪನಿ ಕಟ್ಟಿದವರಲ್ಲಿ ಇಬ್ಬರಾದ ಸುಬ್ರತೊ ಬಾಗ್ಚಿ ಮತ್ತು ಎನ್.ಎಸ್. ಪಾರ್ಥಸಾರಥಿ ಕುಟುಂಬದವರು ಸೇರಿ ಕೊಟ್ಟ ಹಣ ಅದು. ಕ್ಯಾಂಪಸ್ಸಿನಲ್ಲೇ 800 ಹಾಸಿಗೆಯ ಆಸ್ಪತ್ರೆ, ಅದಕ್ಕೆ ಹೊಂದಿಕೊಂಡು ವೈದ್ಯಕೀಯ ಶಾಲೆ ಕಟ್ಟುವುದಕ್ಕೆ ಕೊಟ್ಟರು. ಆ ಸಂಸ್ಥೆಯ ಇತಿಹಾಸದಲ್ಲಿ ಅಲ್ಲಿವರೆಗೆ ಖಾಸಗಿಯವರು ಒಂದೇ ಸಲಕ್ಕೆ ಕೊಟ್ಟ ಅತಿ ದೊಡ್ಡ ಮೊತ್ತ.

ಸರಿಯಾಗಿ ಮೂರು ವರ್ಷದ ನಂತರ, 2025ರ ಫೆಬ್ರವರಿಯಲ್ಲಿ, ಇದೇ ರಾಜ್ಯದ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕು ಎಂದು ಶಿಫಾರಸು ಮಾಡಿತು. ಹಾವೇರಿ, ಕೊಪ್ಪಳ, ಕೊಡಗು, ಚಾಮರಾಜನಗರ, ಹಾಸನ, ಬಾಗಲಕೋಟೆ, ಮಂಡ್ಯ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮುಖ್ಯ ಕಾರಣ ಹಣ ಇಲ್ಲ ಎಂಬುದೇ.

ಈ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದರಲ್ಲಿ ತಪ್ಪೇನೂ ಇಲ್ಲ, ಅದು ದೊಡ್ಡ ಮನಸ್ಸಿನ ಕೆಲಸ. ಆದರೆ ಕಂಪನಿಗಳ ಮತ್ತು ಕಂಪನಿ ಕಟ್ಟಿದವರ ಹಣ ವಿಶ್ವವಿದ್ಯಾಲಯಗಳಿಗೆ ಹರಿಯುವ ದಾರಿ ಹೇಗಿದೆ, ಆ ದಾರಿಯಲ್ಲಿ ಹಾವೇರಿ, ಕೊಪ್ಪಳ ಯಾಕೆ ಬರುವುದಿಲ್ಲ ಎಂದು ಕೇಳಲೇಬೇಕು. ಇನ್ನೊಂದು ಪ್ರಶ್ನೆಯೂ ಇದೆ. ಹಣ ಬಂದ ಕಡೆ ಅದು ಯಾವ ಷರತ್ತಿನ ಮೇಲೆ ಬಂತು? ಪತ್ರಿಕೆಗಳಲ್ಲಿ ನಮಗೆ ಕಾಣುವುದು ಕೋಟಿಗಳ ಲೆಕ್ಕ ಮಾತ್ರ. ಕರಾರು ಪತ್ರವನ್ನು ನೋಡಿದವರು ಬಹಳ ಕಮ್ಮಿ.

ಉದ್ಯಮದ ಹಣ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬೇರೆ ಬೇರೆ ಹಣ ಇವೆ. ಉದ್ಯಮಿಯೊಬ್ಬರು ತಮ್ಮ ಸ್ವಂತ ಸಂಪತ್ತಿನಿಂದ ಕೊಡುವುದು ಒಂದು. ಬಾಗ್ಚಿ ಮತ್ತು ಪಾರ್ಥಸಾರಥಿ ಅವರದ್ದು ಇದೇ. 2023ರಲ್ಲಿ ನಂದನ್ ನಿಲೇಕಣಿ ತಾವು ಓದಿದ ಐಐಟಿ ಬಾಂಬೆಗೆ ಕೊಟ್ಟ 315 ಕೋಟಿಯೂ ಇದೇ. ಎರಡನೆಯದು ಕಾನೂನಿನ ಪ್ರಕಾರ ಕಂಪನಿ ಖರ್ಚು ಮಾಡಲೇಬೇಕಾದ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. ಮೂರನೆಯದು ವ್ಯವಹಾರ: ನಮಗೆ ಈ ಸಂಶೋಧನೆ ಮಾಡಿಕೊಡಿ, ಇಷ್ಟು ದುಡ್ಡು ಕೊಡುತ್ತೇವೆ ಎನ್ನುವ ಒಪ್ಪಂದ. ಸಮಾರಂಭದಲ್ಲಿ ಮೂರಕ್ಕೂ ಒಂದೇ ಶಾಲು, ಒಂದೇ ಹಾರ. ಒಳಗಿನ ನಿಯಮ ಮಾತ್ರ ಪೂರ್ತಿ ಬೇರೆ.

ಮೊದಲು ಸಿಎಸ್‌ಆರ್ ನೋಡೋಣ. ಯಾಕೆಂದರೆ ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳು ಆಸೆಯಿಂದ ನೋಡುವುದು ಅದರ ಕಡೆಗೇ.

2013ರ ಕಂಪನಿ ಕಾಯ್ದೆಯ 135ನೇ ಕಲಂ ಇದರ ಮೂಲ. 500 ಕೋಟಿ ನಿವ್ವಳ ಆಸ್ತಿ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಇಡೀ ದೇಶದ ಲೆಕ್ಕ ಹಿಡಿದರೆ ಸಣ್ಣ ಮೊತ್ತವಲ್ಲ, 2022-23ರಲ್ಲಿ ಸುಮಾರು 30,000 ಕೋಟಿ. ಅದರಲ್ಲಿ ಶಿಕ್ಷಣಕ್ಕೆ ಹೋಗುವ ಪಾಲೇ ಜಾಸ್ತಿ. ಸರ್ಕಾರಿ ಅನುದಾನದ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಈ ಹಣ ಕೊಡಬಹುದು ಎಂದು 2019ರಲ್ಲಿ ಸ್ಪಷ್ಟವಾಗಿ ಸೇರಿಸಿದರು.

ಇಷ್ಟೆಲ್ಲ ಇದ್ದರೂ ಹಣ ಕೆಲವೇ ಕಡೆ ಗುಂಪಾಗುತ್ತದೆ. ಕಾರಣ ಅರ್ಥವಾಗದ್ದೇನಲ್ಲ. ಕಂಪನಿ ತಾನು ಕೆಲಸ ಮಾಡುವ ಊರಿಗೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕಂಪನಿಗಳ ಕಚೇರಿ ಇರುವುದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ. ಕೊಪ್ಪಳದ ಸುತ್ತ ಉಕ್ಕಿನ ಕಾರ್ಖಾನೆಗಳು ಇವೆ ನಿಜ, ಆದರೆ ಅಂಥ ಅದೃಷ್ಟ ಎಲ್ಲ ಜಿಲ್ಲೆಗೂ ಇಲ್ಲ. ಹಾವೇರಿಗೆ ಯಾವ ದೊಡ್ಡ ಕಂಪನಿ ಸ್ಥಳೀಯ? ಮೇಲಾಗಿ ದೇಣಿಗೆ ಕೇಳುವುದಕ್ಕೂ ಒಂದು ವ್ಯವಸ್ಥೆ ಬೇಕು. ಪ್ರಸ್ತಾವನೆ ಬರೆಯುವವರು, ಲೆಕ್ಕ ಒಪ್ಪಿಸುವವರು, ಹಳೆಯ ವಿದ್ಯಾರ್ಥಿಗಳ ಪಟ್ಟಿ ಇಟ್ಟು ಸಂಪರ್ಕದಲ್ಲಿರುವವರು. ಐಐಟಿಗಳಲ್ಲಿ ಇದಕ್ಕೇ ಬೇರೆ ಕಚೇರಿ ಇದೆ. ಬಹುಪಾಲು ಅತಿಥಿ ಉಪನ್ಯಾಸಕರಿಂದಲೇ ನಡೆಯುವ ಹೊಸ ವಿವಿಯಲ್ಲಿ ಈ ಕೆಲಸ ಯಾರು ಮಾಡಬೇಕು?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅದರ ಬಗ್ಗೆ ಚರ್ಚೆಯೇ ನಡೆಯುವುದಿಲ್ಲ. ಸಿಎಸ್‌ಆರ್ ಹಣವನ್ನು ಇಡುಗಂಟಾಗಿ, ಅಂದರೆ ಅಸಲು ಮುಟ್ಟದೆ ಅದರ ಆದಾಯದಲ್ಲಿ ಖರ್ಚು ನಡೆಸುವ ಮೂಲನಿಧಿಯಾಗಿ, ಕೊಡುವಂತಿಲ್ಲ. 2021ರ ಜನವರಿ 22ರಿಂದ ಜಾರಿಗೆ ಬಂದ ತಿದ್ದುಪಡಿ ನಿಯಮಗಳ ಪ್ರಕಾರ, ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣ ಸಿಎಸ್‌ಆರ್ ಖರ್ಚು ಎಂದು ಲೆಕ್ಕಕ್ಕೆ ಬರುವುದಿಲ್ಲ. ಹಣ ಯೋಜನೆಯ ರೂಪದಲ್ಲೇ ಹೋಗಬೇಕು. ಹಲವು ವರ್ಷದ ಯೋಜನೆಯಾದರೆ ಶುರುವಾದ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು.

ಈ ನಿಯಮ ತಂದಿದ್ದಕ್ಕೆ ಕಾರಣ ಇದೆ. ತಮ್ಮದೇ ಟ್ರಸ್ಟಿನ ಮೂಲನಿಧಿಗೆ ಹಣ ಹಾಕಿ, ಖರ್ಚಾಯ್ತು ಎಂದು ತೋರಿಸಿ ಕೂರುವುದಕ್ಕೆ ಮೊದಲು ಅವಕಾಶ ಇತ್ತು. ಅದನ್ನು ತಡೆದದ್ದು ಸರಿ. ಆದರೆ ಅದೇ ಏಟು ವಿಶ್ವವಿದ್ಯಾಲಯಗಳಿಗೂ ಬಿತ್ತು. ಮೂರು ವರ್ಷದ ಹಣದಲ್ಲಿ ಏನು ಮಾಡಬಹುದು? ಕಟ್ಟಡ ಕಟ್ಟಬಹುದು, ಕಂಪ್ಯೂಟರ್ ಲ್ಯಾಬ್ ಮಾಡಬಹುದು, ಸ್ಕಾಲರ್‌ಶಿಪ್ ಕೊಡಬಹುದು. ಒಬ್ಬ ಕಾಯಂ ಅಧ್ಯಾಪಕರನ್ನು ನೇಮಿಸಲು ಆಗುವುದಿಲ್ಲ. ಸಂಬಳಕ್ಕೆ ಹಣ ಕೊಡಬಾರದು ಎಂದು ಕಾನೂನು ಎಲ್ಲೂ ಹೇಳಿಲ್ಲ. ಆದರೆ ನಾಲ್ಕನೇ ವರ್ಷ, ಐದನೇ ವರ್ಷ ಅವರ ಸಂಬಳ ಯಾರು ಕೊಡುತ್ತಾರೆ ಎಂಬುದಕ್ಕೆ ಉತ್ತರ ಇಲ್ಲದೆ ಯಾವ ಕುಲಸಚಿವರೂ ನೇಮಕದ ಆದೇಶಕ್ಕೆ ಸಹಿ ಹಾಕುವುದಿಲ್ಲ. ನಮ್ಮ ರಾಜ್ಯದ ವಿವಿಗಳಲ್ಲಿ ನೂರಾರು ಬೋಧಕ ಹುದ್ದೆ ಖಾಲಿ ಬಿದ್ದಿವೆ. 1916ರಲ್ಲಿ ಶುರುವಾದ ಮೈಸೂರು ವಿವಿಯೇ ನಿವೃತ್ತರ ಪಿಂಚಣಿಗೆ ಹಣ ಹೊಂದಿಸಲು ಒದ್ದಾಡುತ್ತಿದೆ. ಇವರಿಗೆ ಬೇಕಾಗಿರುವುದು ವರ್ಷವರ್ಷವೂ ಬರುವ ಹಣ. ಸಿಕ್ಕುವುದು ಫಲಕ ಹಾಕಬಹುದಾದ ಕಟ್ಟಡ.

ಇಡುಗಂಟಿನ ಬೆಲೆ ತಿಳಿಯಬೇಕಾದರೆ ಐಐಎಸ್‌ಸಿ ಹುಟ್ಟಿದ ಕಥೆಯನ್ನೇ ನೋಡಬೇಕು. 1898ರಲ್ಲಿ ಜೆಮ್‌ಶೆಡ್‌ಜಿ ಟಾಟಾ ಈ ಸಂಸ್ಥೆಗಾಗಿ ಮುಂಬೈಯಲ್ಲಿದ್ದ ತಮ್ಮ ಕಟ್ಟಡ, ಜಮೀನುಗಳನ್ನು ಎತ್ತಿಟ್ಟರು. ಆಗಿನ ಬೆಲೆಯಲ್ಲಿ 30 ಲಕ್ಷ ರೂಪಾಯಿ. ಆ ಆಸ್ತಿಯಿಂದ ವರ್ಷವರ್ಷ ಬರುವ ಆದಾಯದಲ್ಲಿ ಸಂಸ್ಥೆ ನಡೆಯಲಿ ಎಂಬುದು ಲೆಕ್ಕಾಚಾರ. ವೈಸ್‌ರಾಯ್ ಕರ್ಜನ್‌ಗೆ ಈ ಯೋಜನೆಯ ಬಗ್ಗೆ ಅನುಮಾನಗಳಿದ್ದವು, ಕಾಗದಪತ್ರ ಎಳೆದಾಡಿತು. 1904ರಲ್ಲಿ ಟಾಟಾ ತೀರಿಕೊಂಡರು. ಮಕ್ಕಳಾದ ದೊರಾಬ್ಜಿ ಮತ್ತು ರತನ್ ಅಪ್ಪನ ಮಾತು ಉಳಿಸಿದರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, ಹಣವನ್ನೂ ಕೊಟ್ಟಿತು. 1909ರ ಮೇ 27ರಂದು ಸಂಸ್ಥೆ ಅಧಿಕೃತವಾಯಿತು. ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ.

ಇದರಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಸಂಸ್ಥೆಗೆ ತಮ್ಮ ಹೆಸರು ಬೇಡ ಎಂದು ಟಾಟಾ ಹೇಳಿದ್ದರು. ಯಾವ ವಿಷಯದಲ್ಲಿ ಸಂಶೋಧನೆ ನಡೆಯಬೇಕು ಎಂದು ಟಾಟಾ ಕಂಪನಿ ನಿರ್ಧರಿಸುವ ಏರ್ಪಾಡೂ ಇರಲಿಲ್ಲ. ಕೊಟ್ಟವರು ಕೊಟ್ಟು ಹಿಂದೆ ಸರಿದರು, ಆದಾಯ ಮಾತ್ರ ಬರುತ್ತಲೇ ಇತ್ತು. ಇನ್ನೊಂದು, ಒಬ್ಬರ ಹಣದಿಂದಲೇ ಅದು ಆಗಲಿಲ್ಲ. ಉದ್ಯಮಿಯ ದತ್ತಿ, ಸಂಸ್ಥಾನದ ಜಾಗ, ಸರ್ಕಾರದ ಅನುದಾನ ಮೂರೂ ಸೇರಿದ್ದವು. ಉದ್ಯಮಿಗಳು ಕೊಡುತ್ತಾರಲ್ಲ, ಸರ್ಕಾರ ಕೈ ತೊಳೆದುಕೊಳ್ಳಲಿ ಎನ್ನುವ ಇವತ್ತಿನ ಮಾತಿಗೆ ಈ ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ಆದರೂ ಆ ಮಾತು ನೀತಿಯಾಗಿ ಬರುತ್ತಿದೆ. ದೇಶದ ಸಂಶೋಧನೆಗೆ ಹಣ ಒದಗಿಸುವ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ 2023ರಲ್ಲಿ ಕಾಯ್ದೆ ತಂದಾಗ ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ 36,000 ಕೋಟಿ ಉದ್ಯಮ, ದಾನಿಗಳು ಮುಂತಾದ ಸರ್ಕಾರೇತರ ಮೂಲಗಳಿಂದ ಬರಬೇಕು ಎಂಬುದು ಅಂದಾಜು. ಕೊಡುವವರು ಕೊಡದಿದ್ದರೆ?

ಉದ್ದ ಕಾಲದ ಹಣ ಏನು ಮಾಡಬಲ್ಲದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹೋದರೆ ಸಾಕು. ಮಾವಿಗೆ ಹೆಸರಾದ ತಾಲ್ಲೂಕು. ಅಲ್ಲಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡುತ್ತಿದೆ. ಗುರಿ 10,000 ಜನ. ರಕ್ತ ಪರೀಕ್ಷೆ, ನೆನಪಿನ ಶಕ್ತಿಯ ಪರೀಕ್ಷೆ, ಮಿದುಳಿನ ಸ್ಕ್ಯಾನ್, ಮತ್ತೆ ಕೆಲವು ಕಾಲ ಬಿಟ್ಟು ಅವೇ ಪರೀಕ್ಷೆಗಳು. ಮರೆವಿನ ಕಾಯಿಲೆ ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು ತಿಳಿಯಬೇಕಾದರೆ ಒಬ್ಬನೇ ಮನುಷ್ಯನನ್ನು ಹತ್ತು ಹದಿನೈದು ವರ್ಷ ನೋಡಬೇಕು. ಈ ಬಗೆಯ ಅಧ್ಯಯನಗಳು ಇಲ್ಲಿವರೆಗೆ ನಡೆದಿರುವುದು ಹೆಚ್ಚಾಗಿ ಯುರೋಪು, ಅಮೆರಿಕದ ಜನರ ಮೇಲೆ. ರಾಗಿಮುದ್ದೆ ತಿಂದು ಹೊಲದಲ್ಲಿ ದುಡಿದ, ಶಾಲೆಯ ಮುಖ ಕಾಣದ ನಮ್ಮ ಅಜ್ಜಿಯರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಅಲ್ಲಿನ ಅಂಕಿಅಂಶ ಹೇಳುವುದಿಲ್ಲ. ಈ ಕೇಂದ್ರಕ್ಕೆ ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ ಘೋಷಿಸಿದ್ದು 10 ವರ್ಷಕ್ಕೆ 225 ಕೋಟಿ. ಮೂರು ವರ್ಷದ ಸಿಎಸ್‌ಆರ್ ಯೋಜನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಲೂ ಆಗುತ್ತಿರಲಿಲ್ಲ.

ಇಡುಗಂಟಿಗೂ ಒಂದು ಅಪಾಯ ಇದೆ ಎನ್ನುವುದನ್ನು ಮರೆಯಬಾರದು. ನಮ್ಮ ಘಟಿಕೋತ್ಸವಗಳ ಚಿನ್ನದ ಪದಕ ನೋಡಿ. ಎಷ್ಟೋ ದಶಕದ ಹಿಂದೆ ಒಬ್ಬರು ತಂದೆಯ ಹೆಸರಿನಲ್ಲಿ ಕೆಲವು ಸಾವಿರ ರೂಪಾಯಿ ದತ್ತಿ ಇಟ್ಟಿರುತ್ತಾರೆ. ಅವತ್ತು ಅದರ ಬಡ್ಡಿಯಲ್ಲಿ ಪದಕ ಬರುತ್ತಿತ್ತು. ಇವತ್ತು ಆ ಬಡ್ಡಿಯಲ್ಲಿ ಚಿನ್ನದ ಲೇಪ ಬಂದರೆ ಹೆಚ್ಚು. ದತ್ತಿ ಉಪನ್ಯಾಸಗಳದ್ದೂ ಇದೇ ಪಾಡು. ಬಡ್ಡಿಯ ಒಂದು ಪಾಲನ್ನು ಮತ್ತೆ ಅಸಲಿಗೆ ಸೇರಿಸಬೇಕು ಎಂಬ ಒಂದು ಸಾಲು ದತ್ತಿ ಪತ್ರದಲ್ಲಿ ಇದ್ದಿದ್ದರೆ ಕಥೆ ಬೇರೆ ಇರುತ್ತಿತ್ತು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಹಣವೂ ಪತ್ರ ಸರಿಯಾಗಿ ಬರೆಯದೆ ಸವೆದುಹೋಗುತ್ತದೆ.

ಇನ್ನು ಒಪ್ಪಂದಗಳ ವಿಷಯ. ನಮ್ಮ ವಿವಿಗಳು ಕಂಪನಿಗಳ ಜೊತೆ ಎಂಒಯು, ಅಂದರೆ ಒಡಂಬಡಿಕೆ, ಮಾಡಿಕೊಳ್ಳುವುದು ಈಗ ವಾರದ ಸುದ್ದಿ. ಇದಕ್ಕೆ ಒಂದು ಕಾರಣ, ಕಾಲೇಜು, ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆ. ಉದ್ಯಮಗಳ ಜೊತೆ ಎಷ್ಟು ಎಂಒಯು ಚಾಲ್ತಿಯಲ್ಲಿವೆ ಎನ್ನುವುದಕ್ಕೆ ಅಲ್ಲಿ ಅಂಕ ಇದೆ. ಅಂಕಕ್ಕಾಗಿ ಸಹಿ ಹಾಕಿದ ಎಷ್ಟೋ ಪತ್ರಗಳು ಫೈಲಿನಲ್ಲೇ ಉಳಿಯುತ್ತವೆ. ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಜಾಗ್ರತೆ ಬೇಕಾಗಿರುವುದು ನಿಜವಾಗಿ ಹಣ ಕೈ ಬದಲಾಗುವ ಒಪ್ಪಂದಗಳಲ್ಲಿ.

1998ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಸ್ಯ ಮತ್ತು ಸೂಕ್ಷ್ಮಜೀವಿ ವಿಭಾಗಕ್ಕೆ ನೊವಾರ್ಟಿಸ್ ಕಂಪನಿ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಕೊಡಲು ಒಪ್ಪಿತು. ಬದಲಿಗೆ, ಆ ವಿಭಾಗದ ಸಂಶೋಧನೆಗಳಲ್ಲಿ ಸುಮಾರು ಮೂರನೇ ಒಂದು ಭಾಗದ ಪರವಾನಗಿಗೆ ಮಾತುಕತೆ ನಡೆಸುವ ಮೊದಲ ಹಕ್ಕು ಕಂಪನಿಯದು. ಹಣ ಯಾವ ಸಂಶೋಧನೆಗೆ ಹೋಗಬೇಕು ಎಂದು ನಿರ್ಧರಿಸುವ ಐವರ ಸಮಿತಿಯಲ್ಲಿ ಎರಡು ಸ್ಥಾನ ಕಂಪನಿಗೆ. ಅದು ಸಾರ್ವಜನಿಕ ವಿಶ್ವವಿದ್ಯಾಲಯ, ಜನರ ತೆರಿಗೆಯಿಂದಲೂ ನಡೆಯುವಂಥದ್ದು. ಒಬ್ಬ ಪ್ರಾಧ್ಯಾಪಕರ ಒಂದು ಯೋಜನೆಗೆ ಕಂಪನಿ ಹಣ ಕೊಡುವುದು ಬೇರೆ, ಇಡೀ ವಿಭಾಗವೇ ಒಂದು ಕಂಪನಿಯ ಹಣಕ್ಕೆ ಒಗ್ಗಿಕೊಳ್ಳುವುದು ಬೇರೆ. ಕ್ಯಾಂಪಸ್ಸಿನಲ್ಲಿ ದೊಡ್ಡ ಜಗಳವೇ ಆಯಿತು. 2003ರಲ್ಲಿ ಅವಧಿ ಮುಗಿದಾಗ ಒಪ್ಪಂದ ಮುಂದುವರಿಯಲಿಲ್ಲ. ಹೊರಗಿನವರಿಂದ ಮಾಡಿಸಿದ ಪರಿಶೀಲನೆ ಕೂಡ, ಇಡೀ ವಿಭಾಗವನ್ನು ಒಳಗೊಳ್ಳುವ ಇಂಥ ಒಪ್ಪಂದ ಬೇಡ ಎಂದೇ ಸಲಹೆ ಕೊಟ್ಟಿತು.

ಒಪ್ಪಂದ ಬೇರೆ ರೀತಿಯೂ ಇರಬಹುದು. ಐಐಎಸ್‌ಸಿ, ಅಲ್ಲಿನ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವಾದ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುತ್ತಿರುವ 'ವಾಣಿ' ಯೋಜನೆ ಅಂಥದ್ದು. ದೇಶದ ಜಿಲ್ಲೆ ಜಿಲ್ಲೆಗೆ ಹೋಗಿ ಜನರ ಮಾತನ್ನು ದಾಖಲಿಸುವ ಕೆಲಸ. ಹಣ ಗೂಗಲ್‌ನದು. ಆದರೆ ಸಂಗ್ರಹವಾದ ಧ್ವನಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಇದು ಕನ್ನಡಕ್ಕೆ ಬಹಳ ದೊಡ್ಡ ವಿಷಯ. ಫೋನಿಗೆ ನಮ್ಮ ಮಾತು ಅರ್ಥವಾಗಬೇಕಾದರೆ ಕಲಬುರಗಿಯ ಕನ್ನಡವೂ ಬೇಕು, ಮಂಡ್ಯದ ಕನ್ನಡವೂ ಬೇಕು. ಆ ಸಂಗ್ರಹ ಒಂದೇ ಕಂಪನಿಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಹುಬ್ಬಳ್ಳಿಯ ಸಣ್ಣ ಸ್ಟಾರ್ಟಪ್ಪಿಗೆ, ಎಂಜಿನಿಯರಿಂಗ್ ಓದುವ ಹುಡುಗಿಗೆ ಅದು ಸಿಗುತ್ತಲೇ ಇರಲಿಲ್ಲ. ಗೂಗಲ್‌ಗೂ ಇದರಿಂದ ಲಾಭ ಇದೆ, ಇರಲಿ. ಮುಕ್ತವಾಗಿ ಕೊಡಬೇಕು ಎಂಬ ಷರತ್ತಿನಿಂದ ಎಲ್ಲರಿಗೂ ಲಾಭ ಆಯಿತಲ್ವಾ?

ಪೇಟೆಂಟ್, ದತ್ತಾಂಶಗಳಾದರೆ ಕಣ್ಣಿಗೆ ಕಾಣುತ್ತವೆ. ಕಾಣದೆ ನಡೆಯುವ ಒತ್ತಡ ಇನ್ನೂ ಕಷ್ಟದ್ದು. 2015ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯ ಕೋಕಾ-ಕೋಲಾ ಕಂಪನಿಗೆ 10 ಲಕ್ಷ ಡಾಲರ್ ವಾಪಸ್ ಕೊಟ್ಟಿತು. ಬೊಜ್ಜಿಗೆ ತಿನ್ನುವುದು ಕುಡಿಯುವುದಕ್ಕಿಂತ ವ್ಯಾಯಾಮ ಇಲ್ಲದಿರುವುದೇ ಮುಖ್ಯ ಕಾರಣ ಎಂಬಂತೆ ಹೇಳುತ್ತಿದ್ದ ವಿಜ್ಞಾನಿಗಳ ಕೂಟವೊಂದಕ್ಕೆ ಆ ಹಣ ಬಂದಿತ್ತು. ಪತ್ರಿಕೆಯಲ್ಲಿ ವರದಿ ಬಂದ ಮೇಲೆ ಆ ಕೂಟವೇ ಮುಚ್ಚಿತು. ಅಲ್ಲಿದ್ದ ವಿಜ್ಞಾನಿಗಳು ಸುಳ್ಳು ಹೇಳಿದರು ಎನ್ನಬೇಕಿಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಬಿಡಬೇಕು ಎನ್ನುವುದರಲ್ಲೇ ಹಣ ತನ್ನ ಕೆಲಸ ಮಾಡಿರುತ್ತದೆ.

ನಮ್ಮ ದೇಶದಲ್ಲಿ ಈ ಒತ್ತಡ ಇನ್ನೊಂದು ಬಾಗಿಲಿನಿಂದಲೂ ಬರುತ್ತದೆ. ಹರಿಯಾಣದ ಅಶೋಕ ವಿಶ್ವವಿದ್ಯಾಲಯವನ್ನು ಹಲವು ಉದ್ಯಮಿಗಳು ಸೇರಿ ಕಟ್ಟಿದರು, 2014ರಿಂದ ನಡೆಯುತ್ತಿದೆ. 2021ರ ಮಾರ್ಚ್‌ನಲ್ಲಿ, ಸರ್ಕಾರವನ್ನು ಟೀಕಿಸಿ ಬರೆಯುತ್ತಿದ್ದ ರಾಜಕೀಯ ಚಿಂತಕ ಪ್ರತಾಪ್ ಭಾನು ಮೆಹ್ತಾ ಅಲ್ಲಿನ ಪ್ರಾಧ್ಯಾಪಕ ಹುದ್ದೆ ಬಿಟ್ಟರು. ಸಂಸ್ಥಾಪಕರ ಜೊತೆ ಮಾತಾಡಿದ ಮೇಲೆ, ತಾನು ಇಲ್ಲಿರುವುದು ಸಂಸ್ಥೆಗೆ ರಾಜಕೀಯವಾಗಿ ಹೊರೆ ಎಂದು ತಿಳಿಯಿತು ಎಂಬ ಅರ್ಥದ ಮಾತು ಅವರ ರಾಜೀನಾಮೆ ಪತ್ರದಲ್ಲಿತ್ತು. ಅವರ ಹಿಂದೆಯೇ ಅರ್ಥಶಾಸ್ತ್ರಜ್ಞ ಅರವಿಂದ ಸುಬ್ರಮಣಿಯನ್ ಕೂಡ ಹೊರಬಂದರು. ಸಂಸ್ಥೆಯ ಪ್ರಕ್ರಿಯೆಗಳಲ್ಲಿ ಲೋಪ ಆಗಿದೆ ಎಂದು, ಇವರಿಬ್ಬರ ಜೊತೆ ಸೇರಿ ನಂತರ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಉದ್ಯಮಿಗೆ ವಿಶ್ವವಿದ್ಯಾಲಯ ಒಂದೇ ಅಲ್ಲ, ಬೇರೆ ವ್ಯವಹಾರಗಳೂ ಇರುತ್ತವೆ. ಅವಕ್ಕೆ ಪರವಾನಗಿ ಬೇಕು, ತೆರಿಗೆ ಇಲಾಖೆಯ ಜೊತೆ ನಂಟು ಇರುತ್ತದೆ. ಹಾಗಾಗಿ ದಾನಿ ಎಷ್ಟೇ ಒಳ್ಳೆಯವರಾದರೂ ಅಧಿಕಾರದಲ್ಲಿರುವವರ ಮುನಿಸಿಗೆ ಅಂಜಬೇಕಾಗುತ್ತದೆ. ಆ ಅಂಜಿಕೆ ತರಗತಿಯ ತನಕ ಇಳಿಯದಂತೆ ತಡೆಯುವ ಗೋಡೆ ಬೇಕು.

ಗೋಡೆ ಕಟ್ಟಲು ಆಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ, ಅದೂ ಕನ್ನಡಕ್ಕೆ ಹತ್ತಿರದ್ದು. 2010ರಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿ ಅವರ ಮಗ ರೋಹನ್ ಮೂರ್ತಿ 52 ಲಕ್ಷ ಡಾಲರ್ ಕೊಟ್ಟು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನದ ಜೊತೆ ಭಾರತದ ಹಳೆಯ ಸಾಹಿತ್ಯದ ಮಾಲಿಕೆ ಶುರುಮಾಡಿಸಿದರು. ಒಂದು ಪುಟದಲ್ಲಿ ಮೂಲ, ಎದುರು ಪುಟದಲ್ಲಿ ಇಂಗ್ಲಿಷ್ ಅನುವಾದ. ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ಕನ್ನಡ ಲಿಪಿಯ ಜೊತೆಗೇ ಅಲ್ಲಿಂದ ಬಂದಿದೆ. 2016ರಲ್ಲಿ ಮಾಲಿಕೆಯ ಪ್ರಧಾನ ಸಂಪಾದಕ ಶೆಲ್ಡನ್ ಪೊಲಾಕ್ ಅವರನ್ನು ತೆಗೆಯಿರಿ ಎಂದು 132 ವಿದ್ವಾಂಸರು ದಾನಿಗೇ ಮನವಿ ಬರೆದರು. ಟೀಕಿಸುವ ಹಕ್ಕು ಅವರಿಗಿತ್ತು. ಆದರೆ ದಾನಿ ಮೂಲಕ ಸಂಪಾದಕರನ್ನು ತೆಗೆಸುವ ಹಾದಿ ಒಂದು ಸಲ ತೆರೆದರೆ ಮುಚ್ಚುವುದಿಲ್ಲ. ರೋಹನ್ ಮೂರ್ತಿ ಅದಕ್ಕೆ ಒಪ್ಪಲಿಲ್ಲ, ಪೊಲಾಕ್ ಮುಂದುವರಿಯುತ್ತಾರೆ ಎಂದರು. ನನಗೆ ಇದು ಕೊಟ್ಟ ಹಣಕ್ಕಿಂತ ದೊಡ್ಡ ಕೊಡುಗೆ ಅನ್ನಿಸುತ್ತದೆ. ಆದರೂ ಒಬ್ಬ ದಾನಿಯ ಗಟ್ಟಿತನವನ್ನೇ ನಂಬಿಕೊಂಡು ಸಂಸ್ಥೆ ನಡೆಸಲು ಆಗದು. ಅದು ಕಾಗದದಲ್ಲಿ ಇರಬೇಕು.

ಹಾಗಾದರೆ ಏನು ಮಾಡಬಹುದು? ಇಡುಗಂಟಿನ ನಿರ್ಬಂಧ ಬಂದಿರುವುದು ನಿಯಮಗಳಿಂದ, ಹಾಗಾಗಿ ನಿಯಮ ಬದಲಿಸಿ ತೆರವು ಮಾಡಲು ಸಾಧ್ಯ ಇದೆ. ಕಂಪನಿಯ ಸ್ವಂತ ಟ್ರಸ್ಟುಗಳಿಗೆ ನಿರ್ಬಂಧ ಹಾಗೇ ಇರಲಿ. ಸರ್ಕಾರಿ ವಿಶ್ವವಿದ್ಯಾಲಯಗಳ ಮೂಲನಿಧಿಗೆ ಮಾತ್ರ ಸಿಎಸ್‌ಆರ್ ಹಣ ಕೊಡಲು ಬಿಡಬೇಕು. ಅಸಲು ಮುಟ್ಟುವಂತಿಲ್ಲ, ಬಡ್ಡಿಯ ಒಂದು ಭಾಗ ಅಸಲಿಗೆ ಸೇರಬೇಕು, ಲೆಕ್ಕಪತ್ರ ಪ್ರತಿ ವರ್ಷ ಹೊರಗೆ ಬರಬೇಕು. ನಮ್ಮ ರಾಜ್ಯವಂತೂ ಎಲ್ಲ ವಿವಿಗಳಿಗೂ ಸೇರಿ ಒಂದೇ ಕಚೇರಿ ತೆರೆದು ಪ್ರಸ್ತಾವನೆ ಬರೆಯುವ, ಲೆಕ್ಕ ಒಪ್ಪಿಸುವ ಕೆಲಸವನ್ನು ಅದಕ್ಕೇ ವಹಿಸಬಹುದು. ಆಗ ಬೆಂಗಳೂರಿನ ಕಂಪನಿಗೆ ಹಾವೇರಿಯ ವಿವಿ ಕಣ್ಣಿಗಾದರೂ ಬೀಳುತ್ತದೆ.

2019ರ ಬದಲಾವಣೆಯಲ್ಲಿ ಹೆಸರಿಸಿದ್ದು ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯದ ಸಂಶೋಧನೆಯನ್ನು ಮಾತ್ರ. ಇತಿಹಾಸ, ಭಾಷೆ, ಸಮಾಜಶಾಸ್ತ್ರ ಅಲ್ಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕರೆಂಟ್ ಬಿಲ್ ಕಟ್ಟಲೂ ಹಣವಿಲ್ಲ ಎಂದು ಸುದ್ದಿಯಾದದ್ದನ್ನು ಓದಿದ್ದೇವೆ. ಆದರೆ ಅದೇ ಕಂಪನಿ ಕಾಯ್ದೆಯಲ್ಲಿ ಸಿಎಸ್‌ಆರ್ ಕೆಲಸಗಳನ್ನು ಪಟ್ಟಿ ಮಾಡಿರುವ ಏಳನೇ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಎಂಬ ಬಾಬ್ತು ಮೊದಲಿನಿಂದ ಇದೆ. ತಾಳೆಗರಿ, ಹಸ್ತಪ್ರತಿಗಳನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಆ ಬಾಬ್ತಿನಲ್ಲಿ ಇವತ್ತೇ ಹಣ ಕೇಳಬಹುದು.

ಕರಾರು ನೋಡುವ ಕೆಲಸಕ್ಕಂತೂ ಹೊಸ ಕಾನೂನು ಏನೂ ಬೇಡ. ಸರ್ಕಾರಿ ವಿಶ್ವವಿದ್ಯಾಲಯಗಳು ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಬರುತ್ತವೆ. ನಿಮ್ಮ ಜಿಲ್ಲೆಯ ವಿವಿ ಈಚೆಗೆ ಯಾವುದಾದರೂ ಕಂಪನಿಯ ಜೊತೆ ಸಹಿ ಹಾಕಿದ್ದರೆ, 10 ರೂಪಾಯಿ ಶುಲ್ಕ ಕಟ್ಟಿ ಅದರ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಅದರಲ್ಲಿ ನಾಲ್ಕು ವಿಷಯ ಹುಡುಕಿ: ಸಂಶೋಧನೆಯ ಫಲ ಯಾರಿಗೆ ಸೇರುತ್ತದೆ, ಪ್ರಕಟಿಸುವ ಮೊದಲು ಕಂಪನಿಯ ಒಪ್ಪಿಗೆ ಬೇಕೇ, ಆಯ್ಕೆ ಸಮಿತಿಯಲ್ಲಿ ಕಂಪನಿಯವರು ಕೂರುತ್ತಾರೆಯೇ, ಅವಧಿ ಮುಗಿದ ಮೇಲೆ ಕಟ್ಟಡ ಮತ್ತು ಸಿಬ್ಬಂದಿಯ ಖರ್ಚು ಯಾರದು. ವ್ಯಾಪಾರದ ಗುಟ್ಟು, ಕೊಡಲಾಗದು ಎಂದು ಹೇಳಬಹುದು. 8ನೇ ಕಲಂನಲ್ಲಿ ಅಂಥ ವಿನಾಯಿತಿ ಇದೆ ನಿಜ. ಆಗ 10ನೇ ಕಲಂ ಉಲ್ಲೇಖಿಸಿ ಮತ್ತೆ ಬರೆಯಿರಿ. ಗುಟ್ಟಿನ ಭಾಗ ಬಿಟ್ಟು ಉಳಿದ ಪುಟಗಳನ್ನು ಕೊಡಲು ಅದರಲ್ಲಿ ಅವಕಾಶ ಇದೆ.